ಲ್ಯಾಪ್‌ಟಾಪ್‌ಗೆ ಮೌಸ್ ಬೇಕಾ, ಟಚ್‌ಪ್ಯಾಡ್ ಸಾಕಾ? ಅಂಗಡಿಯವರು, ಸೇವಾ ಕೇಂದ್ರದವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ

ಚಿತ್ರದುರ್ಗ: ಭೀಮಸಮುದ್ರದ ಅಡಿಕೆ ಮಂಡಿ ಇರಲಿ, ಹೊಸದುರ್ಗದ ಕಿರಾಣಿ ಅಂಗಡಿ ಇರಲಿ, ಹಿರಿಯೂರಿನ ಗೊಬ್ಬರದ ಅಂಗಡಿ ಇರಲಿ, ಕೌಂಟರ್ ಮೇಲೆ ಒಂದು ಲ್ಯಾಪ್‌ಟಾಪ್ ಇದ್ದೇ ಇರುತ್ತೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಲೆಕ್ಕದ ಪುಸ್ತಕ ಹಿಡಿಯುತ್ತಿದ್ದ ಕೈಗಳೂ ಕೀಬೋರ್ಡ್ ಒತ್ತೋದನ್ನ ಕಲಿತವು. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ನಿಂತ ಸಾಲು ಎಲ್ಲರಿಗೂ ನೆನಪಿದೆ.

ಲ್ಯಾಪ್‌ಟಾಪ್ ತಗೊಂಡವರು ಮೊದಲು ಕೇಳೋ ಪ್ರಶ್ನೆ ಒಂದೇ: ಅದರಲ್ಲೇ ಟಚ್‌ಪ್ಯಾಡ್ ಇದೆಯಲ್ಲ, ಮತ್ತೆ ಮೌಸ್‌ಗೆ ಯಾಕೆ ದುಡ್ಡು ಹಾಕಬೇಕು? ಪ್ರಶ್ನೆ ಚಿಕ್ಕದು. ಆದರೆ ದಿನಕ್ಕೆ ಐವತ್ತು ಅರ್ಜಿ ಹಾಕೋ ಕಡೆ ಒಂದು ತಪ್ಪು ಕ್ಲಿಕ್ ಆದ್ರೆ ರೈತನ ಅರ್ಜಿ ಬೇರೆ ಊರಿನ ಹೆಸರಿಗೆ ಹೋಗುತ್ತೆ. ಆಮೇಲೆ ಕಚೇರಿಗೆ ಅಲೆಯೋದು ಅವರೇ. ಹಾಗಾಗಿ ಯಾವ ಕೆಲಸಕ್ಕೆ ಯಾವುದು ಸರಿ ಅಂತ ಮೊದಲೇ ತಿಳಿದುಕೊಳ್ಳೋದು ಒಳ್ಳೆಯದು.

ಎರಡೂ ಬಂದದ್ದು ಹೇಗೆ?

ಅಮೆರಿಕದ ಡಗ್ಲಾಸ್ ಎಂಗೆಲ್‌ಬರ್ಟ್ ಅವರ ಕಲ್ಪನೆಯಂತೆ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರ ಸುಮಾರಿಗೆ ಮೊದಲ ಮೌಸ್ ಮಾಡಿದರು. ಅದು ಮರದ ಪುಟ್ಟ ಡಬ್ಬಿ, ಕೆಳಗೆ ಎರಡು ಚಕ್ರ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದನ್ನ ಜನರ ಮುಂದೆ ತೋರಿಸಿದರು. ಬಾಲದಂತೆ ವೈರ್ ಇದ್ದಿದ್ದಕ್ಕೆ 'ಇಲಿ' ಅನ್ನೋ ಹೆಸರು ಅಂಟಿಕೊಂಡಿತು.

ಇವತ್ತಿನ ತರಹದ ಟಚ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಹೆಸರು ಮಾಡಿದ್ದು 1994ರಲ್ಲಿ, ಆಪಲ್ ಕಂಪನಿಯ ಪವರ್‌ಬುಕ್ 500 ಸರಣಿಯಿಂದ. ಕುರ್ಚಿ, ಮೇಜು ಇಲ್ಲದ ಕಡೆಯೂ ತೊಡೆ ಮೇಲೆ ಇಟ್ಟುಕೊಂಡು ಕೆಲಸ ಮಾಡಲಿ ಅನ್ನೋದಕ್ಕೆ ಅದು ಅನುಕೂಲ. ಅಂದ್ರೆ ಮೌಸ್ ಹುಟ್ಟಿದ್ದು ಮೇಜಿಗೆ, ಟಚ್‌ಪ್ಯಾಡ್ ಬೆಳೆದದ್ದು ಓಡಾಟಕ್ಕೆ. ಈ ಒಂದು ಮಾತು ನೆನಪಿದ್ರೆ ಅರ್ಧ ಉತ್ತರ ಸಿಕ್ಕ ಹಾಗೆ.

ಯಾರಿಗೆ ಯಾವುದು?

ಟ್ಯಾಲಿಯಲ್ಲಿ ಬಿಲ್ಲು ಹಾಕೋರಿಗೆ: ಮೌಸ್ ಅಷ್ಟೇನೂ ಬೇಕಿಲ್ಲ. ಟ್ಯಾಲಿ ಕೀಬೋರ್ಡ್‌ನಿಂದಲೇ ನಡೆಯುತ್ತೆ. ಎಫ್5 ಒತ್ತಿದ್ರೆ ಪಾವತಿ, ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿ. ಈ ನಾಲ್ಕು ಕೀಲಿ ಕೈಗೆ ಬಂದ್ರೆ ಮೌಸ್ ಹಿಡಿಯೋರಿಗಿಂತ ಬೇಗ ಬಿಲ್ಲು ಮುಗಿಯುತ್ತೆ. ಉಳಿದ ಸಣ್ಣಪುಟ್ಟ ಕೆಲಸಕ್ಕೆ ಟಚ್‌ಪ್ಯಾಡ್ ಸಾಕು.

ಆನ್‌ಲೈನ್ ಅರ್ಜಿ ಹಾಕೋ ಕೇಂದ್ರಗಳಿಗೆ: ಮೌಸ್ ಬೇಕೇ ಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಅಂತ ಒಂದರ ಹಿಂದೆ ಒಂದು ಪಟ್ಟಿ ತೆರೆದು ಆರಿಸಬೇಕು. ಗೊಲ್ಲರಹಟ್ಟಿ, ಲಂಬಾಣಿಹಟ್ಟಿ, ಕಾವಲು ಅಂತ ಕೊನೆಯಾಗೋ ಹೆಸರುಗಳು ನಮ್ಮ ಕಡೆ ಎಷ್ಟಿವೆ ಅಂತ ಹೇಳಬೇಕಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಆದ್ರೂ ಊರೇ ಬದಲಾಗುತ್ತೆ.

ಲಗ್ನಪತ್ರಿಕೆ, ಫ್ಲೆಕ್ಸ್, ಫೋಟೋ ಸ್ಟುಡಿಯೋ ಕೆಲಸಕ್ಕೆ: ಮೌಸ್ ಇಲ್ಲದೆ ಆಗಲ್ಲ. ಕೋರೆಲ್‌ಡ್ರಾ, ಫೋಟೋಶಾಪ್‌ನಲ್ಲಿ ಒತ್ತಿ ಹಿಡಿದು ಎಳೆಯೋ ಕೆಲಸವೇ ಜಾಸ್ತಿ. ಟಚ್‌ಪ್ಯಾಡ್‌ನಲ್ಲಿ ಬೆರಳು ಅಂಚಿಗೆ ಬಂದು ನಿಂತುಬಿಡುತ್ತೆ.

ವಿದ್ಯಾರ್ಥಿಗಳಿಗೆ, ಬಸ್ಸಿನಲ್ಲಿ ಓಡಾಡೋರಿಗೆ: ಟಚ್‌ಪ್ಯಾಡ್ ಸಾಕು. ಎರಡು ಬೆರಳು ಜಾರಿಸಿದ್ರೆ ಪುಟ ಮೇಲೆ ಕೆಳಗೆ ಹೋಗುತ್ತೆ, ಎರಡು ಬೆರಳಲ್ಲಿ ತಟ್ಟಿದ್ರೆ ಬಲ ಕ್ಲಿಕ್, ಮೂರು ಬೆರಳು ಮೇಲಕ್ಕೆ ಜಾರಿಸಿದ್ರೆ ತೆರೆದಿರೋ ಕಿಟಕಿಗಳೆಲ್ಲ ಒಟ್ಟಿಗೆ ಕಾಣುತ್ತವೆ. ಇಷ್ಟು ಕಲಿತ್ರೆ ಓದೋ, ಬರೆಯೋ ಕೆಲಸ ಸಲೀಸು.

ತಪ್ಪು ಆಗೋದು ಎಲ್ಲಿ?

ಎರಡರಲ್ಲೂ ತಪ್ಪಾಗುತ್ತೆ, ಆದರೆ ಬೇರೆ ಬೇರೆ ತರಹ.

ಟಚ್‌ಪ್ಯಾಡ್‌ನಲ್ಲಿ, ಟೈಪ್ ಮಾಡುವಾಗ ಅಂಗೈ ತಾಗಿ ಕರ್ಸರ್ ಇನ್ನೊಂದು ಕಡೆ ಹಾರುತ್ತೆ. ಹೆಸರಿನ ಅರ್ಧ ಭಾಗ ವಿಳಾಸದ ಜಾಗಕ್ಕೆ ಹೋಗಿಬಿಡುತ್ತೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಟಚ್‌ಪ್ಯಾಡ್ ಅಂತ ಹೋಗಿ ಸೂಕ್ಷ್ಮತೆ ಕಡಿಮೆ ಮಾಡಬಹುದು. ಮೌಸ್ ಹಾಕಿದಾಗ ಟಚ್‌ಪ್ಯಾಡ್ ತಾನಾಗೇ ನಿಲ್ಲೋ ಹಾಗೆ ಮಾಡೋ ಆಯ್ಕೆಯೂ ಅಲ್ಲೇ ಇದೆ. ಅರ್ಜಿ ಹಾಕೋರು ಅದನ್ನ ಬಳಸೋದು ಒಳ್ಳೆಯದು.

ಮೌಸ್‌ನಲ್ಲಿ ತಪ್ಪಾಗೋದು ನಡುವಿನ ಚಕ್ರದಿಂದ. ಕೆಲವು ಸಾಫ್ಟ್‌ವೇರ್, ಕೆಲವು ಫಾರಂಗಳಲ್ಲಿ ಪಟ್ಟಿಯಿಂದ ಊರು ಆರಿಸಿದ ಮೇಲೆ ಪುಟ ಕೆಳಗೆ ಮಾಡೋಕೆ ಚಕ್ರ ತಿರುಗಿಸಿದ್ರೆ, ಪುಟದ ಬದಲು ಆರಿಸಿದ ಊರೇ ಬದಲಾಗುತ್ತೆ. ಅಂಕಿ ತುಂಬಿದ ಜಾಗದಲ್ಲೂ ಹೀಗಾಗೋದುಂಟು. ಇದಕ್ಕೆ ಉಪಾಯ ಸುಲಭ: ಆರಿಸಿದ ತಕ್ಷಣ ಪುಟದ ಖಾಲಿ ಜಾಗದಲ್ಲಿ ಒಂದು ಸಲ ಕ್ಲಿಕ್ ಮಾಡಿ, ಆಮೇಲೆ ಚಕ್ರ ತಿರುಗಿಸಿ. ಸಬ್ಮಿಟ್ ಒತ್ತೋ ಮೊದಲು ಅರ್ಜಿದಾರರಿಗೆ ಸ್ಕ್ರೀನ್ ತೋರಿಸಿ, ಊರಿನ ಹೆಸರು, ಖಾತೆ ನಂಬರ್ ಜೋರಾಗಿ ಓದಿ ಹೇಳಿ. ಅರ್ಜಿ ಕೊಟ್ಟೋರು ಕೂಡ ನಾಚಿಕೆ ಬಿಟ್ಟು ಒಂದು ಸಲ ತೋರಿಸಿ ಅಂತ ಕೇಳಬೇಕು.

ಚಾರ್ಜ್ ಹಾಕಿದಾಗ ಕರ್ಸರ್ ಕುಣಿಯುತ್ತಾ?

ಸುಮಾರು ಜನ 'ಟಚ್‌ಪ್ಯಾಡ್ ಹಾಳಾಯ್ತು' ಅಂತ ರಿಪೇರಿಗೆ ಓಡೋದು ಇದಕ್ಕೇ. ಬೆರಳಿನಿಂದ ಆಗೋ ಸಣ್ಣ ವಿದ್ಯುತ್ ವ್ಯತ್ಯಾಸವನ್ನ ಗುರುತಿಸಿ ಟಚ್‌ಪ್ಯಾಡ್ ಕೆಲಸ ಮಾಡುತ್ತೆ. ಅಂಗಡಿಯ ಪ್ಲಗ್‌ನಲ್ಲಿ ಅರ್ತಿಂಗ್ ಸರಿ ಇಲ್ಲದಿದ್ರೆ, ಮೂರು ಪಿನ್ನಿನ ಚಾರ್ಜರನ್ನ ಎರಡು ಪಿನ್ನಿಗೆ ಇಳಿಸಿ ಹಾಕಿದ್ರೆ, ಅಥವಾ ಚಾರ್ಜರ್ ಕಳಪೆಯಾಗಿದ್ರೆ ಆ ಲೆಕ್ಕ ತಪ್ಪಿ ಕರ್ಸರ್ ಕುಣಿಯುತ್ತೆ.

ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಕರ್ಸರ್ ಸರಿಯಾಗಿ ನಿಂತ್ರೆ ತೊಂದರೆ ಟಚ್‌ಪ್ಯಾಡ್‌ದಲ್ಲ, ಕರೆಂಟಿನದು ಅಥವಾ ಚಾರ್ಜರಿನದು. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಅದು ಲ್ಯಾಪ್‌ಟಾಪ್‌ಗಿಂತ ಹೆಚ್ಚಾಗಿ ನಿಮ್ಮ ಜೀವಕ್ಕೆ ಬೇಕಾದದ್ದು.

ಟಚ್‌ಪ್ಯಾಡ್ ಉಬ್ಬಿದ್ರೆ ಎಚ್ಚರ

ಟಚ್‌ಪ್ಯಾಡ್ ಮೇಲಕ್ಕೆ ಎದ್ದಂತೆ ಕಂಡ್ರೆ, ಇದ್ದಕ್ಕಿದ್ದಂತೆ ಕ್ಲಿಕ್ ಗಟ್ಟಿಯಾದ್ರೆ, ಲ್ಯಾಪ್‌ಟಾಪ್ ಅಂಚಿನಲ್ಲಿ ಸಂದು ಬಿಟ್ರೆ, ಒಳಗಿನ ಬ್ಯಾಟರಿ ಊದಿರುವ ಸಾಧ್ಯತೆ ಇದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರೋದು ಅದರ ಸುತ್ತಮುತ್ತಲೇ. ಹೀಗಾದಾಗ ಮೌಸ್ ಹಾಕ್ಕೊಂಡು ಕೆಲಸ ಮುಂದುವರಿಸೋದು ಅಪಾಯ. ತಕ್ಷಣ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಸರ್ವಿಸ್‌ಗೆ ಕೊಡಿ. ಊದಿದ ಬ್ಯಾಟರಿ ಬೆಂಕಿ ಹತ್ತಿಕೊಳ್ಳಬಹುದು.

ಗಾಜಿನ ಕೌಂಟರ್ ಮೇಲೆ ಮೌಸ್ ಓಡಲ್ಲ

ಈಗಿನ ಮೌಸ್ ಕೆಳಗೆ ಒಂದು ಬೆಳಕು, ಒಂದು ಪುಟ್ಟ ಕ್ಯಾಮೆರಾ ಇರುತ್ತೆ. ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಕೆಳಗಿನ ಮೇಲ್ಮೈಯ ಚಿತ್ರ ತೆಗೆದು ಎಷ್ಟು ಸರಿದಿದೆ ಅಂತ ಲೆಕ್ಕ ಹಾಕುತ್ತೆ. ಗಾಜಿನಲ್ಲಿ ಗುರುತು ಸಿಗದೆ ಅದು ತಡವರಿಸುತ್ತೆ. ಬಂಗಾರದ ಅಂಗಡಿ, ಮೆಡಿಕಲ್ ಶಾಪ್‌ಗಳಲ್ಲಿ ಈ ತೊಂದರೆ ಮಾಮೂಲು. ದುಬಾರಿ ಮೌಸ್ ಬೇಕಿಲ್ಲ, ಹಳೇ ಕ್ಯಾಲೆಂಡರ್ ರಟ್ಟು ಹಾಕಿದ್ರೂ ಸಾಕು.

ಎಣ್ಣೆ, ಅರಿಶಿನ, ಹಿಟ್ಟು ಮುಟ್ಟೋ ಅಂಗಡಿಗಳಲ್ಲಿ ಟಚ್‌ಪ್ಯಾಡ್ ಬೇಗ ಜಿಡ್ಡಾಗುತ್ತೆ, ಒದ್ದೆ ಬೆರಳಿಗೆ ಸರಿಯಾಗಿ ಕೇಳೋದೂ ಇಲ್ಲ. ಮೌಸ್ ಹಾಳಾದ್ರೆ ಕೆಲವು ನೂರು ರೂಪಾಯಿ. ಟಚ್‌ಪ್ಯಾಡ್ ಹಾಳಾದ್ರೆ ಲ್ಯಾಪ್‌ಟಾಪ್ ಬಿಚ್ಚಬೇಕು. ಅಂಥ ಕಡೆ ಮೌಸೇ ಲಾಭ.

ವೈರ್ ಇರೋದಾ, ಇಲ್ಲದ್ದಾ?

ಒಂದೇ ಕಡೆ ಕೂತು ಕೆಲಸ ಮಾಡೋರಿಗೆ ವೈರ್ ಮೌಸ್ ಒಳ್ಳೆಯದು. ಸೆಲ್ ಬೇಕಿಲ್ಲ, ಬೆಲೆ ಕಡಿಮೆ, ಅರ್ಜಿ ಮಧ್ಯದಲ್ಲಿ ನಿಲ್ಲಲ್ಲ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದಲೇ ನಡೆಯುತ್ತೆ, ಅದು ಎಳೆಯೋ ವಿದ್ಯುತ್ ತೀರಾ ಕಡಿಮೆ.

ಬೆರಳಚ್ಚು ಯಂತ್ರ, ಪ್ರಿಂಟರ್, ವೆಬ್‌ಕ್ಯಾಮ್ ಹಾಕಿ ಯುಎಸ್‌ಬಿ ಜಾಗವೇ ಉಳಿದಿಲ್ಲ ಅನ್ನೋರು ಬ್ಲೂಟೂತ್ ಮೌಸ್ ನೋಡಬಹುದು. ಪುಟ್ಟ ರಿಸೀವರ್ ಹಾಕೋ ವೈರ್‌ಲೆಸ್ ಮೌಸ್ ಇದ್ದು, ಪಕ್ಕದಲ್ಲೇ ವೇಗದ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಇದ್ರೆ ಮೌಸ್ ತಡವರಿಸಬಹುದು. ರಿಸೀವರನ್ನ ಇನ್ನೊಂದು ಬದಿಗೆ ಹಾಕಿ ನೋಡಿ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಅಂಗೈಗೆ ತೀರಾ ಚಿಕ್ಕದಾಗಿರಬಾರದು. ಹತ್ತು ಸಲ ಕ್ಲಿಕ್ ಮಾಡಿ, ಒಂದಕ್ಕೆ ಎರಡು ಕ್ಲಿಕ್ ಆಗ್ತಿದ್ರೆ ಬೇಡ. ಗೇಮಿಂಗ್ ಮೌಸ್‌ನ ಬಣ್ಣದ ಲೈಟು ಬಿಲ್ಲು ಹಾಕೋಕೆ ಬೇಕಿಲ್ಲ. ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ.

ಕೈ ನೋವು ಬಂದ್ರೆ ತಳ್ಳಿಹಾಕಬೇಡಿ

ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರೋರಿಗೆ ಮೌಸ್ ಆದ್ರೂ, ಟಚ್‌ಪ್ಯಾಡ್ ಆದ್ರೂ ಮಣಿಕಟ್ಟಿಗೆ ಹೊರೆ ಬೀಳುತ್ತೆ. ಮೌಸ್ ಕೀಬೋರ್ಡ್‌ನ ಎತ್ತರದಲ್ಲೇ, ಪಕ್ಕದಲ್ಲೇ ಇರಲಿ. ಮಣಿಕಟ್ಟು ಮೇಲಕ್ಕೆ ಮಡಿಸದೆ ನೇರವಾಗಿ ಇರಲಿ. ಕೌಂಟರ್ ಎತ್ತರ ಜಾಸ್ತಿ ಇದ್ರೆ ಕುರ್ಚಿ ಎತ್ತರಿಸಿಕೊಳ್ಳಿ. ಎಡಗೈ ರೂಢಿ ಇರೋರು ಸೆಟ್ಟಿಂಗ್ಸ್‌ನಲ್ಲಿ ಮೌಸ್‌ನ ಬಟನ್ ಅದಲು ಬದಲು ಮಾಡಿಕೊಳ್ಳಬಹುದು.

ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು, ರಾತ್ರಿ ಹೊತ್ತು ಚುಚ್ಚಿದ ಹಾಗೆ ಆಗೋದು, ಲೋಟ ಹಿಡಿದ್ರೆ ಜಾರೋದು ಇವೆಲ್ಲ ಮಣಿಕಟ್ಟಿನ ನರದ ಮೇಲೆ ಒತ್ತಡ ಬಿದ್ದಿರೋ ಲಕ್ಷಣ ಇರಬಹುದು. ಬಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ತಳ್ಳದೆ ಡಾಕ್ಟರ್‌ಗೆ ತೋರಿಸಿ.

ಕೊನೆಗೆ ಇಷ್ಟೇ: ಒಂದೇ ಕಡೆ ಕೂತು ಅರ್ಜಿ, ಡಿಸೈನ್ ಕೆಲಸ ಮಾಡೋರು ವೈರ್ ಮೌಸ್ ತಗೊಳ್ಳಿ. ಟ್ಯಾಲಿ ಮಾತ್ರ ಬಳಸೋರು ಕೀಲಿಗಳನ್ನ ಕಲಿಯಿರಿ. ಓಡಾಡೋರಿಗೆ ಟಚ್‌ಪ್ಯಾಡ್ ಸಾಕು. ಯಾವುದೇ ಬಳಸಿದ್ರೂ ಕೊನೇ ಬಟನ್ ಒತ್ತೋ ಮುಂಚೆ ಒಂದು ಸಲ ಓದಿ ನೋಡೋದನ್ನ ಮಾತ್ರ ಮರೆಯಬೇಡಿ.