ದೇವರಾಯನದುರ್ಗ: ಅರ್ಧ ದಿನದಲ್ಲಿ ಮುಗಿಸುವ ಬೆಟ್ಟವಲ್ಲ, ಎರಡು ರಾತ್ರಿ ಇದ್ದು ಬರುವ ಊರು

ರಜೆ ಬಂದರೆ ಊಟಿ, ಕೊಡಗು, ಚಿಕ್ಕಮಗಳೂರು ಅಂತ ಹೊರಡುವವರು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಬಹಳ ಮಂದಿ. ಆದರೆ ತಂಪು ಗಾಳಿ, ಕಾಡು, ಹಳೆಯ ದೇವಸ್ಥಾನ, ಗದ್ದಲವಿಲ್ಲದ ರಾತ್ರಿ ಇಷ್ಟೂ ಒಂದೇ ಕಡೆ ಸಿಗುವ ಬೆಟ್ಟ ಜಿಲ್ಲೆಯೊಳಗೇ ಇದೆ. ದೇವರಾಯನದುರ್ಗಕ್ಕೆ ಹೋಗದವರು ಕಡಿಮೆ, ಅಲ್ಲಿ ಉಳಿದವರೂ ಕಡಿಮೆ. ಬೆಳಗ್ಗೆ ಹೋಗಿ, ದರ್ಶನ ಮಾಡಿ, ಫೋಟೊ ತೆಗೆದು, ಮಧ್ಯಾಹ್ನಕ್ಕೆ ವಾಪಸ್ ಬರುವುದೇ ರೂಢಿ. ನಿಧಾನವಾಗಿ ಇದ್ದು ಬರಬೇಕು ಅನ್ನುವವರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಎಲ್ಲಿದೆ, ಹೋಗುವುದು ಹೇಗೆ

ದುರ್ಗ ಇರುವುದು ತುಮಕೂರು ತಾಲ್ಲೂಕಿನಲ್ಲಿ, ತುಮಕೂರು ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿ. ಎತ್ತರ ಸುಮಾರು 3,900 ಅಡಿ. ಪಾವಗಡ, ಮಧುಗಿರಿ, ಕೊರಟಗೆರೆಯವರು ತುಮಕೂರು ರಸ್ತೆ ಹಿಡಿದು ಬಂದರಾಯಿತು. ಶಿರಾದವರಿಗೆ ರಾಷ್ಟ್ರೀಯ ಹೆದ್ದಾರಿ 48 ಇದೆ. ತುಮಕೂರಿನಿಂದ ಬೆಟ್ಟದ ರಸ್ತೆ ಕಾಡಿನ ನಡುವೆ ಹಾದು ಹೋಗುತ್ತದೆ. ಬಸ್ಸಿನಲ್ಲಿ ಹೋಗುವವರು ಹೊರಡುವ ಮೊದಲೇ ಬಸ್ ನಿಲ್ದಾಣದಲ್ಲಿ ಸಮಯ ವಿಚಾರಿಸಿಕೊಳ್ಳಿ, ವಾಪಸ್ ಬರುವ ಕೊನೆಯ ಬಸ್ಸಿನ ಸಮಯವನ್ನೂ ಕೇಳಿಕೊಳ್ಳಿ.

ಹೆಸರು ಬಂದದ್ದು

ಈ ಬೆಟ್ಟಕ್ಕೆ ಮೊದಲು ಆನೆಬಿದ್ದಸರಿ ಅಂತ ಹೆಸರಿತ್ತು. ಆಮೇಲೆ ಜಡಕ ಅನ್ನುವ ಪಾಳೆಯಗಾರನಿಂದ ಜಡಕನದುರ್ಗ ಆಯಿತು. 1673ರಿಂದ 1704ರವರೆಗೆ ಆಳಿದ ಮೈಸೂರಿನ ಚಿಕ್ಕದೇವರಾಜ ಒಡೆಯರು ಇದನ್ನು ಗೆದ್ದ ಮೇಲೆ ದೇವರಾಯನದುರ್ಗ ಎಂಬ ಹೆಸರು ನಿಂತಿತು. ಮಧುಗಿರಿ ಕೋಟೆ ಮೈಸೂರಿನ ಕೈಸೇರಿದ್ದೂ ಇದೇ ಒಡೆಯರ ಕಾಲದಲ್ಲಿ. ಭಕ್ತರ ಬಾಯಲ್ಲಿ ಈ ಬೆಟ್ಟ ಕರಿಗಿರಿ.

ಬೆಟ್ಟದ ಇಳಿಜಾರಿನ ಊರಿನಲ್ಲಿ ಭೋಗ ನರಸಿಂಹಸ್ವಾಮಿ, ತುದಿಯಲ್ಲಿ ಯೋಗ ನರಸಿಂಹಸ್ವಾಮಿ. ಮೇಲಿನ ಗುಡಿಗೆ ಕೊನೆಯ ಭಾಗದಲ್ಲಿ ಮೆಟ್ಟಿಲು ಹತ್ತಲೇಬೇಕು. ಫಾಲ್ಗುಣದಲ್ಲಿ, ಅಂದರೆ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ತೇರು. ಜಾತ್ರೆ ನೋಡುವ ಆಸೆ ಇದ್ದರೆ ಆಗ ಹೋಗಿ. ವಿಶ್ರಾಂತಿಗೆ ಹೋಗುವವರು ಆ ದಿನಗಳನ್ನು ಬಿಟ್ಟು ಹೋಗುವುದೇ ವಾಸಿ.

ನಮ್ಮ ನೀರಿನ ತಲೆ ಇಲ್ಲಿದೆ

ಕೊರಟಗೆರೆ, ಮಧುಗಿರಿ ತಾಲ್ಲೂಕಿನಲ್ಲಿ ಹರಿಯುವ ಜಯಮಂಗಲಿ ಹುಟ್ಟುವುದು ದೇವರಾಯನದುರ್ಗದಲ್ಲಿ. ಗೊರವನಹಳ್ಳಿ ಸಮೀಪದ ತೀತಾ ಜಲಾಶಯಕ್ಕೆ ನೀರು ಬರುವುದು ಇದೇ ನದಿಯಿಂದ. ಮುಂದೆ ಅದು ಆಂಧ್ರದ ಗಡಿಯತ್ತ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ನದಿಯ ಮೂಲವೂ ಇದೇ ಬೆಟ್ಟಸಾಲು. ಅದು ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಪಿನಾಕಿನಿಗೆ, ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಕಾವೇರಿಗೆ!

ಹಾಗಾಗಿ ದುರ್ಗದ ಕಾಡು ಪ್ರವಾಸಿಗರ ಸ್ವತ್ತು ಮಾತ್ರ ಅಲ್ಲ. ಮರಗಿಡ, ಹುಲ್ಲು ಇದ್ದರೆ ಮಳೆ ನೀರು ನಿಂತು ಮಣ್ಣಿಗೆ ಇಳಿಯುತ್ತದೆ. ಬೆಂಕಿ ಬಿದ್ದು ಬೋಳಾದರೆ ನೀರಿನ ಜೊತೆ ಮಣ್ಣೂ ಕೊಚ್ಚಿಕೊಂಡು ಕೆಳಗಿನ ಕೆರೆಗಳಿಗೆ ಹೂಳಾಗಿ ಬರುತ್ತದೆ. ಬೋರ್‌ವೆಲ್ ನಂಬಿದ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ದಿನ ಕಳೆಯುವುದು ಹೇಗೆ

ಮೊದಲ ದಿನ ಮಧ್ಯಾಹ್ನ ತಲುಪಿ, ಊಟ ಮಾಡಿ ಸುಮ್ಮನೆ ಕೂತರೆ ಸಾಕು. ಸಂಜೆ ಭೋಗ ನರಸಿಂಹನ ಗುಡಿ. ಮಾರನೇ ದಿನ ಬಿಸಿಲೇರುವ ಮೊದಲು ಯೋಗ ನರಸಿಂಹನ ಬೆಟ್ಟ ಹತ್ತಿ. ಮಂಜು ಇದ್ದರೆ ಅದು ಕರಗುವವರೆಗೆ ಅಲ್ಲೇ ಕಾಯಿರಿ, ಆಮೇಲೆ ಸುತ್ತಲಿನ ಕೆರೆ, ಗುಡ್ಡ ಒಂದೊಂದಾಗಿ ಕಾಣುತ್ತವೆ. ಬಿಸಿಲು ಇಳಿದ ಮೇಲೆ ಬುಡದ ನಾಮದ ಚಿಲುಮೆ. ಹಣೆಗೆ ನಾಮ ಇಡಲು ನೀರಿಲ್ಲದೆ ಶ್ರೀರಾಮ ಬಂಡೆಗೆ ಬಾಣ ಬಿಟ್ಟು ನೀರು ಬರಿಸಿದ ಅನ್ನುವುದು ಸ್ಥಳದ ಕತೆ. ಪಕ್ಕದಲ್ಲೇ ಅರಣ್ಯ ಇಲಾಖೆಯ ಜಿಂಕೆವನವಿದೆ.

ಹಕ್ಕಿ ನೋಡುವವರಿಗೆ ಈ ಬೆಟ್ಟದ ವಿಶೇಷ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಬದುಕುವ ಹಕ್ಕಿ ಇದು. ಓಡುತ್ತಾ ಹೋದವರಿಗೆ ಕಾಣುವುದಿಲ್ಲ, ಒಂದು ಕಡೆ ಅಲುಗಾಡದೆ ಅರ್ಧ ಗಂಟೆ ಕೂತರೆ ಕಾಣಬಹುದು.

ವಾಪಸ್ ಬರುವ ದಾರಿಯಲ್ಲಿ

ಎಲ್ಲವನ್ನೂ ಒಂದೇ ದಿನ ತುರುಕಬೇಡಿ. ದಿನಕ್ಕೆ ಒಂದು ಜಾಗ ಸಾಕು.

- ಕೊರಟಗೆರೆ: ಸಿದ್ಧರಬೆಟ್ಟದ ಗುಹೆಯಲ್ಲಿ ಸಿದ್ಧೇಶ್ವರ, ಬೆಟ್ಟದ ತುಂಬ ಔಷಧಿ ಗಿಡಗಳು. ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿಯಲ್ಲಿ ಶುಕ್ರವಾರ ಜನ ಜಾಸ್ತಿ.
- ಮಧುಗಿರಿ: ಏಕಶಿಲಾ ಬೆಟ್ಟ, ಕೋಟೆ. ತುದಿಯವರೆಗೆ ಹತ್ತುವವರು ಬೆಳಗ್ಗೆಯೇ ಶುರು ಮಾಡಿ, ಮಳೆಯಲ್ಲಿ ಬಂಡೆ ಜಾರುತ್ತದೆ. ಕೊಡಿಗೇನಹಳ್ಳಿ ಕಡೆಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. 798 ಎಕರೆಯ ಈ ಹುಲ್ಲುಗಾವಲು 2007ರಲ್ಲಿ ಸಂರಕ್ಷಿತ ಪ್ರದೇಶವಾಯಿತು.
- ಶಿರಾ: ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರೇ ಅವನ್ನು ಕಾಯುತ್ತಾ ಬಂದಿದ್ದಾರೆ. ಮರದ ಕೆಳಗೆ ಗಲಾಟೆ ಬೇಡ.
- ಪಾವಗಡ: ಊರೊಳಗಿನ ಶನೇಶ್ವರ ದೇವಸ್ಥಾನ, ಪಾವಗಡದ ಕೋಟೆ, ಆಚೆ ನಿಡಗಲ್ಲು ದುರ್ಗ. ಶನಿವಾರ ಬಿಟ್ಟು ಬೇರೆ ದಿನ ಹೋದರೆ ನೆಮ್ಮದಿ.

ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು

ನಮ್ಮ ಕಡೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಮುಗಿದ ಮೇಲೆ ನವೆಂಬರ್‌ನಿಂದ ಜನವರಿವರೆಗೆ ಬೆಟ್ಟ ಹಸಿರಾಗಿ, ತಂಪಾಗಿ ಇರುತ್ತದೆ. ಅವರೆಕಾಯಿ ಕಾಲವೂ ಅದೇ. ಫೆಬ್ರುವರಿಯಿಂದ ಹುಲ್ಲು ಒಣಗಿ ಬೆಂಕಿಯ ಭಯ ಶುರು.

ಬೆಟ್ಟದಲ್ಲಿ ಸರ್ಕಾರಿ ವಸತಿಗೃಹಗಳಿವೆ. ಮೊದಲೇ ವಿಚಾರಿಸಿ, ಕಾದಿರಿಸಿಯೇ ಹೊರಡಿ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವವರೇ ತುಂಬಿರುತ್ತಾರೆ. ಅಂಗಡಿಗೆ ವಾರದ ರಜೆ ಇರುವವರು ಮಂಗಳವಾರ, ಬುಧವಾರ ಹೀಗೆ ಹೋದರೆ ಬೆಟ್ಟವೇ ನಿಮ್ಮದು.

ಅಂಗಡಿಯವರಿಗೆ ಏನು ಲಾಭ?

ಮಧುಗಿರಿ ಬೆಟ್ಟ ಹತ್ತಲು ಬೆಳಗಿನ ಜಾವ ಕಾರಿನಲ್ಲಿ ಬಂದವರು ನೀರು, ತಿಂಡಿ ಊರಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ಮಧ್ಯಾಹ್ನಕ್ಕೆ ಹೊರಟೂ ಹೋಗುತ್ತಾರೆ. ಊರಿಗೆ ಉಳಿಯುವುದು ಖಾಲಿ ಬಾಟಲಿ ಅಷ್ಟೇ. ಅದೇ ಜನ ಒಂದು ರಾತ್ರಿ ಉಳಿದರೆ ರಾತ್ರಿ ಊಟ, ಬೆಳಗಿನ ಇಡ್ಲಿ, ಹಾಲು, ಆಟೊ, ಪೆಟ್ರೋಲು ಎಲ್ಲಕ್ಕೂ ಇಲ್ಲೇ ದುಡ್ಡು ಕೊಡುತ್ತಾರೆ. ಹೊರಡುವಾಗ ಪಾವಗಡದ ಕಡಲೆಕಾಯಿ, ಹುಣಸೆಹಣ್ಣು, ಕುರಿ ಉಣ್ಣೆಯ ಕಂಬಳಿ ಕೇಳುವವರೂ ಇರುತ್ತಾರೆ.

ಅದಕ್ಕೆ ರೆಸಾರ್ಟ್ ಕಟ್ಟಬೇಕಿಲ್ಲ. ಶುಚಿಯಾದ ಕೋಣೆ, ಶುಚಿಯಾದ ಶೌಚಾಲಯ, ಬಿಸಿ ಮುದ್ದೆ ಸಾರು, ಬಾಟಲಿಗೆ ತುಂಬಿಸಿಕೊಡುವ ಕುಡಿಯುವ ನೀರು ಇದ್ದರೆ ಜನ ನಿಲ್ಲುತ್ತಾರೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಮುತ್ತುಗದ ಎಲೆ, ಅಡಿಕೆ ತಟ್ಟೆ ಇಟ್ಟರೆ ದಂಡದ ಚಿಂತೆಯೂ ಇರುವುದಿಲ್ಲ.

ಇವಿಷ್ಟು ನೆನಪಿರಲಿ

- ಕಾಡಿನಲ್ಲಿ ಚಿರತೆ, ಕರಡಿ ಇವೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ಕಾಲ್ನಡಿಗೆ ಬೇಡ. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.
- ಕೋತಿಗಳಿಗೆ ತಿನ್ನಲು ಕೊಡಬೇಡಿ. ಕೊಟ್ಟು ರೂಢಿಯಾದರೆ ಮುಂದಿನವರ ಕೈಚೀಲಕ್ಕೆ ಕೈ ಹಾಕುತ್ತವೆ.
- ಕಾಡಿನೊಳಗೆ ಒಲೆ ಹಚ್ಚುವುದು, ಬೀಡಿ ಸಿಗರೇಟು ಎಸೆಯುವುದು ಬೇಡವೇ ಬೇಡ.
- ಕಾಡಿನ ಹಾದಿ ಹಿಡಿಯುವ ಮೊದಲು ಅರಣ್ಯ ಸಿಬ್ಬಂದಿಯನ್ನು ಕೇಳಿ.
- ತಂದ ಕಸ ವಾಪಸ್ ತನ್ನಿ. ಬೆಟ್ಟದಲ್ಲಿ ಎಸೆದದ್ದು ಮಳೆಗಾಲಕ್ಕೆ ಜಯಮಂಗಲಿ ಹಿಡಿದು ನಮ್ಮ ಕೆರೆಗೇ ಬರುತ್ತದೆ.