ಹಾಲು ಒಗ್ಗದವರಿಗೆ ಕೈಗೆಟಕುವ ಹಾಲುರಹಿತ ಆಹಾರ: ಬಾಗಲಕೋಟೆ ಭಾಗದ ಅಂಗಡಿ, ಸಂತೆ ಮತ್ತು ಸಹಕಾರ ಸಂಘಗಳಲ್ಲಿ ದೊರೆಯುವ ಪರ್ಯಾಯಗಳು

ಹಾಲು ಉತ್ತಮ ಆಹಾರವೆಂಬುದರಲ್ಲಿ ಎರಡು ಮಾತಿಲ್ಲ. ಬಾಗಲಕೋಟೆ ಜಿಲ್ಲೆಯ ಅನೇಕ ಕುಟುಂಬಗಳಿಗೆ ಹೈನುಗಾರಿಕೆಯೇ ವಾರದ ಖರ್ಚಿನ ಆಧಾರ. ಆದರೂ ಹಾಲು ಹಾಕುವ ಮನೆಯಲ್ಲಿಯೇ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಹಿರಿಯರು, ಮೈಮೇಲೆ ದದ್ದು ಏಳುವ ಮಕ್ಕಳು ಇರುವುದುಂಟು. ಇಂತಹ ಕುಟುಂಬಗಳು ನಗರದ ದೊಡ್ಡ ಮಳಿಗೆಗಳಿಂದ ಬಾದಾಮಿ ಹಾಲು, ಓಟ್ಸ್ ಹಾಲು ಮುಂತಾದ ದುಬಾರಿ ಪೊಟ್ಟಣಗಳನ್ನು ತರಿಸಿಕೊಳ್ಳುತ್ತವೆ. ಇಲ್ಲವೇ ಹಾಲನ್ನು ಬಿಟ್ಟು ಅದರ ಜಾಗದಲ್ಲಿ ಏನನ್ನೂ ಕೊಡದೆ ಸುಮ್ಮನಾಗುತ್ತವೆ. ಮೊದಲನೆಯದರಿಂದ ಹಣ ನಷ್ಟ, ಎರಡನೆಯದರಿಂದ ಆರೋಗ್ಯ ನಷ್ಟ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳ ಹೊಲಗಳಲ್ಲಿ ಬೆಳೆಯುವ ಎಣ್ಣೆಕಾಳು, ಸಿರಿಧಾನ್ಯ ಹಾಗೂ ದ್ವಿದಳ ಧಾನ್ಯಗಳಿಂದಲೇ ಇದಕ್ಕೆ ಪರಿಹಾರ ಕಂಡುಕೊಳ್ಳಬಹುದು. ಅವುಗಳನ್ನು ಎಲ್ಲಿ ಕೊಳ್ಳಬೇಕು, ಹೇಗೆ ಬಳಸಬೇಕು, ಯಾವ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತೊಂದರೆ ಯಾವುದೆಂದು ತಿಳಿಯಿರಿ

ಹಾಲು ಒಗ್ಗದಿರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಇವೆರಡರ ವ್ಯತ್ಯಾಸ ತಿಳಿಯದೆ ಪಥ್ಯ ಮಾಡುವುದು ಸರಿಯಲ್ಲ.

1. ಲ್ಯಾಕ್ಟೋಸ್ ಅಸಹಿಷ್ಣುತೆ: ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಅನೇಕರಲ್ಲಿ ಬಾಲ್ಯದ ನಂತರ ಕಡಿಮೆಯಾಗುತ್ತದೆ. ಆಗ ಹೊಟ್ಟೆ ಉಬ್ಬರ, ವಾಯು, ಭೇದಿ ಕಾಣಿಸಿಕೊಳ್ಳುತ್ತವೆ. ಇವರಲ್ಲಿ ಹಲವರಿಗೆ ಸ್ವಲ್ಪ ಪ್ರಮಾಣದ ಹಾಲು, ಮೊಸರು, ಮಜ್ಜಿಗೆ ಒಗ್ಗುತ್ತವೆ. ಆದ್ದರಿಂದ ಹೈನು ಪದಾರ್ಥಗಳನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ.

2. ಹಾಲಿನ ಅಲರ್ಜಿ: ಇದು ಹಾಲಿನ ಪ್ರೋಟೀನಿಗೆ ದೇಹ ತೋರುವ ಪ್ರತಿಕ್ರಿಯೆ. ದದ್ದು, ತುಟಿ ಬಾವು, ವಾಂತಿ, ಕೆಲವೊಮ್ಮೆ ಉಸಿರಾಟದ ತೊಂದರೆ ಉಂಟಾಗಬಹುದು. ಇವರಿಗೆ ಆಕಳು, ಎಮ್ಮೆ, ಆಡು ಯಾವುದರ ಹಾಲೂ ಸುರಕ್ಷಿತವಲ್ಲ. ತುಪ್ಪದಲ್ಲಿಯೂ ಪ್ರೋಟೀನಿನ ಅಂಶ ಉಳಿದಿರಬಹುದು.

ಯಾವ ತೊಂದರೆ ಎಂಬುದನ್ನು ವೈದ್ಯರಿಂದಲೇ ನಿರ್ಧರಿಸಿಕೊಳ್ಳಬೇಕು. ಆರು ತಿಂಗಳವರೆಗೆ ಶಿಶುವಿಗೆ ತಾಯಿಯ ಹಾಲೇ ಆಹಾರ; ವೈದ್ಯರ ಸಲಹೆಯಿಲ್ಲದೆ ಅದನ್ನು ನಿಲ್ಲಿಸಬಾರದು. ಒಂದು ವರ್ಷದೊಳಗಿನ ಮಗುವಿಗೆ ಈ ಲೇಖನದಲ್ಲಿ ಹೇಳಿರುವ ಯಾವುದೇ ಬೀಜದ ಹಾಲನ್ನು ತಾಯಿಯ ಹಾಲಿನ ಬದಲಿಯಾಗಿ ಕೊಡತಕ್ಕದ್ದಲ್ಲ.

ನಮ್ಮ ಊಟದಲ್ಲಿ ಹಾಲು ಎಲ್ಲಿದೆ, ಎಲ್ಲಿಲ್ಲ?

ಉತ್ತರ ಕರ್ನಾಟಕದ ದಿನನಿತ್ಯದ ಊಟ ಬಹುಪಾಲು ಹಾಲುರಹಿತವೇ ಆಗಿದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ ಇವುಗಳಲ್ಲಿ ಹಾಲಿನ ಅಂಶವಿಲ್ಲ. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರು ಕೊಡುವ ರೊಟ್ಟಿ ಊಟವನ್ನೇ ನೋಡಿ: ಗಡಿಗೆಯ ಮೊಸರು ಮತ್ತು ಬೆಣ್ಣೆಯನ್ನು ಬಿಟ್ಟರೆ ಉಳಿದುದೆಲ್ಲವೂ ಸಾಮಾನ್ಯವಾಗಿ ಹಾಲು ಒಗ್ಗದವರಿಗೆ ಸಲ್ಲುತ್ತದೆ. ಅಂಬಲಿ ಮತ್ತು ನುಚ್ಚಿಗೆ ಮಜ್ಜಿಗೆಯ ಬದಲು ಹುಣಸೆಹುಳಿ ಇಲ್ಲವೇ ಬೇಳೆಕಟ್ಟಿನ ಸಾರನ್ನು ಬಳಸಬಹುದು. ಶೇಂಗಾ ಹೋಳಿಗೆ ಮತ್ತು ಎಳ್ಳು ಹೋಳಿಗೆಗಳನ್ನು ತುಪ್ಪದ ಬದಲು ಎಣ್ಣೆಯಲ್ಲಿ ಬೇಯಿಸಿದರಾಯಿತು.

ಎಚ್ಚರ ಬೇಕಾಗಿರುವುದು ಸಿಹಿ ತಿನಿಸು ಮತ್ತು ಬೇಕರಿ ಪದಾರ್ಥಗಳಲ್ಲಿ. ಪೇಢೆ, ಬರ್ಫಿಗಳಲ್ಲಿ ಖೋವಾ ಇರುತ್ತದೆ. ಹುನಗುಂದ ತಾಲ್ಲೂಕಿನ ಅಮೀನಗಡದ ಪ್ರಸಿದ್ಧ ಕರದಂಟಿನಲ್ಲಿ ಹಾಲಿಲ್ಲದಿದ್ದರೂ ತುಪ್ಪವಿರುತ್ತದೆ. ಅಲರ್ಜಿ ಇರುವವರು ತಿನ್ನಬಾರದು. ಬ್ರೆಡ್, ಬಿಸ್ಕತ್ತು, ಟೋಸ್ಟುಗಳಲ್ಲಿ ಹಾಲಿನ ಪುಡಿ ಇರುವುದು ಸಾಮಾನ್ಯ.

ಅಂಗಡಿಯಲ್ಲಿ ಪೊಟ್ಟಣದ ಚೀಟಿಯನ್ನು ಓದುವ ಬಗೆ

- ಹಸಿರು ಚುಕ್ಕೆ ಕೇವಲ ಸಸ್ಯಾಹಾರವೆಂದು ಸೂಚಿಸುತ್ತದೆ. ಅದರಲ್ಲಿ ಹಾಲು ಇರಬಹುದು.
- ಯಾವುದೇ ಪ್ರಾಣಿಜನ್ಯ ಪದಾರ್ಥವಿಲ್ಲದ ಆಹಾರಕ್ಕೆ ಪ್ರತ್ಯೇಕ ವೀಗನ್ ಗುರುತು ಇದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇದಕ್ಕಾಗಿ 2022ರಲ್ಲಿ ನಿಯಮಾವಳಿ ಹೊರಡಿಸಿದೆ.
- ಹಾಲು ಸೇರಿದ್ದರೆ ಅದನ್ನು ಅಲರ್ಜಿಕಾರಕವೆಂದು ಚೀಟಿಯಲ್ಲಿ ನಮೂದಿಸಬೇಕೆಂದು 2020ರ ಲೇಬಲಿಂಗ್ ನಿಯಮಾವಳಿ ಹೇಳುತ್ತದೆ. ಪದಾರ್ಥಗಳ ಪಟ್ಟಿಯ ಕೆಳಗಿನ ಸಾಲನ್ನು ತಪ್ಪದೆ ಓದಿರಿ.
- ಕೇಸಿನ್, ಕೇಸಿನೇಟ್, ವೇ, ಮಿಲ್ಕ್ ಸಾಲಿಡ್ಸ್, ಬಟರ್ ಇವೆಲ್ಲವೂ ಹಾಲಿನವೇ. ‘ನಾನ್ ಡೈರಿ’ ಎಂದು ಬರೆದ ಚಹಾ ಪುಡಿಗಳಲ್ಲಿಯೂ ಕೇಸಿನೇಟ್ ಇರಬಹುದು.

ಬಿಡಿಯಾಗಿ ಮಾರುವ ತಿನಿಸುಗಳಿಗೆ ಚೀಟಿ ಇರುವುದಿಲ್ಲ. ತಯಾರಿಸಿದವರನ್ನೇ ಕೇಳಿ ತಿಳಿಯಬೇಕು.

ಬೀಜಗಳಿಂದ ಹಾಲು: ನಮ್ಮ ಭಾಗದ ಹಳೆಯ ತಿಳಿವಳಿಕೆ

ಕುಸುಬಿ ಹಾಲು: ಕುಸುಬಿ ಹಾಲಿನ ಹುಗ್ಗಿ ಉತ್ತರ ಕರ್ನಾಟಕದ ಸಾಂಪ್ರದಾಯಿಕ ಅಡುಗೆ. 100 ಗ್ರಾಂ ಕುಸುಬಿಯನ್ನು ತೊಳೆದು, ಕಲ್ಲು ಕಸ ತೆಗೆದು, ರಾತ್ರಿಯಿಡೀ ನೆನೆಸಬೇಕು. ನೀರು ಸೇರಿಸಿ ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡಬೇಕು. ಉಳಿದ ಚರಟವನ್ನು ಮತ್ತೊಮ್ಮೆ ರುಬ್ಬಿ ಸೋಸಿದರೆ ಒಟ್ಟು ಸುಮಾರು ಅರ್ಧ ಲೀಟರ್ ಹಾಲು ದೊರೆಯುತ್ತದೆ. ಬೇಯಿಸಿದ ಗೋಧಿ ನುಚ್ಚಿಗೆ ಬೆಲ್ಲ ಹಾಗೂ ಈ ಹಾಲನ್ನು ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ಉರಿ ಹೆಚ್ಚಾದರೆ ಹಾಲು ಒಡೆಯುತ್ತದೆ.

ಶೇಂಗಾ ಹಾಲು: 100 ಗ್ರಾಂ ಶೇಂಗಾ ಬೀಜವನ್ನು 6ರಿಂದ 8 ಗಂಟೆ ನೆನೆಸಿ, ಸಿಪ್ಪೆ ತೆಗೆದು, ಸುಮಾರು 600 ಮಿ.ಲೀ. ನೀರಿನೊಂದಿಗೆ ರುಬ್ಬಿ ಸೋಸಿ, 10 ನಿಮಿಷ ಕುದಿಸಬೇಕು. ಬೂಸು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯಿರಿ. ಅವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಂಭವವಿದೆ.

ಸೋಯಾ ಹಾಲು: ಪ್ರೋಟೀನಿನಲ್ಲಿ ಆಕಳ ಹಾಲಿಗೆ ಅತ್ಯಂತ ಸಮೀಪವಾದುದು ಇದೇ. ನೆನೆಸಿ ರುಬ್ಬಿ ಸೋಸಿದ ನಂತರ ಕನಿಷ್ಠ 20 ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಅಂಶಗಳಿವೆ.

ಈ ಹಾಲುಗಳನ್ನು ಅಂದೇ ಮಾಡಿ ಅಂದೇ ಬಳಸಬೇಕು. ಹಾಲಿನ ಅಲರ್ಜಿ ಇರುವವರಿಗಾಗಿ ಇವುಗಳಿಂದ ಮೊಸರು ಮಾಡುವಾಗ ಸಾಮಾನ್ಯ ಮೊಸರಿನ ಹೆಪ್ಪು ಹಾಕಿದರೆ ಉದ್ದೇಶವೇ ಕೆಡುತ್ತದೆ. ಶೇಂಗಾ, ಎಳ್ಳು, ಸೋಯಾ ಕೂಡ ಕೆಲವರಿಗೆ ಅಲರ್ಜಿ ಉಂಟುಮಾಡುತ್ತವೆ. ಮಗುವಿಗೆ ಹೊಸದಾಗಿ ಕೊಡುವಾಗ ಒಂದು ಸಲಕ್ಕೆ ಒಂದನ್ನೇ, ಸ್ವಲ್ಪ ಪ್ರಮಾಣದಲ್ಲಿ ಕೊಟ್ಟು ನೋಡಿರಿ. ಈಗಾಗಲೇ ಹಾಲಿನ ಅಲರ್ಜಿ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿರಿ.

ಖರ್ಚಿನ ಲೆಕ್ಕ ಸುಲಭ. ಕುಸುಬಿಯ ಒಂದು ಕಿಲೋ ದರವನ್ನು 10ರಿಂದ ಭಾಗಿಸಿದರೆ ಅರ್ಧ ಲೀಟರ್ ಹಾಲಿನ ಬೀಜದ ಖರ್ಚು ಸಿಗುತ್ತದೆ. ಅದನ್ನು ಅಂಗಡಿಯ ಪೊಟ್ಟಣದ ಮೇಲಿನ ದರದೊಂದಿಗೆ ಹೋಲಿಸಿ ನೀವೇ ನಿರ್ಧರಿಸಿರಿ.

ಬಣ್ಣ ಬಿಳಿಯಾದ ಮಾತ್ರಕ್ಕೆ ಹಾಲಾಗದು: ಕ್ಯಾಲ್ಸಿಯಂ ಲೆಕ್ಕ

ಕುಸುಬಿ ಹಾಗೂ ಶೇಂಗಾ ಹಾಲು ಅಡುಗೆಯಲ್ಲಿ ಹಾಲಿನ ಕೆಲಸ ಮಾಡುತ್ತವೆ; ಆದರೆ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅನ್ನು ಹಾಲಿನಷ್ಟು ಒದಗಿಸುವುದಿಲ್ಲ. ಈ ಒಂದು ಅಂಶವನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿ ಕುಟುಂಬಕ್ಕೂ ಒತ್ತಿ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ, ಹಾಲುಣಿಸುವ ತಾಯಂದಿರಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು.

200 ಮಿ.ಲೀ. ಆಕಳ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸರಿಸುಮಾರು ಅಷ್ಟೇ ಕ್ಯಾಲ್ಸಿಯಂ ಇರುವ ಸ್ಥಳೀಯ ಪದಾರ್ಥಗಳ ಪ್ರಮಾಣ ಹೀಗಿದೆ:

- ಎಳ್ಳು: 20 ಗ್ರಾಂ
- ರಾಗಿ: 70 ಗ್ರಾಂ
- ನುಗ್ಗೆ ಸೊಪ್ಪು: 75ರಿಂದ 80 ಗ್ರಾಂ
- ಹುರುಳಿ: 90 ಗ್ರಾಂ

ಎಳ್ಳಿನ ಸಿಪ್ಪೆಯಲ್ಲಿನ ಆಕ್ಸಲೇಟ್ ಹಾಗೂ ಧಾನ್ಯಗಳಲ್ಲಿನ ಫೈಟೇಟ್ ಅಂಶಗಳಿಂದಾಗಿ ಇದೆಲ್ಲವೂ ದೇಹಕ್ಕೆ ಸಲ್ಲುವುದಿಲ್ಲ. ಆದುದರಿಂದ ಒಂದನ್ನೇ ನಂಬದೆ ದಿನಕ್ಕೆ ಎರಡು ಮೂರು ಪದಾರ್ಥಗಳನ್ನು ಸೇರಿಸಿರಿ. ಹುರಿಯುವುದು, ನೆನೆಸುವುದು, ಮೊಳಕೆ ಬರಿಸುವುದು ಉಪಯುಕ್ತ. ಚಳಿಗಾಲದಲ್ಲಿ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿ, ನುಗ್ಗೆ ಸೊಪ್ಪಿನ ಪಲ್ಯ, ಮೊಳಕೆ ಹುರುಳಿಯ ಉಸುಳಿ ಇವು ವಿಶೇಷ ಖರ್ಚಿಲ್ಲದೆ ಈ ಕೊರತೆಯನ್ನು ತುಂಬುವ ದಾರಿಗಳು. ಪ್ರೋಟೀನಿನ ದೃಷ್ಟಿಯಿಂದ ಒಂದು ಲೋಟ ಹಾಲಿಗೆ ಒಂದು ಹಿಡಿ (25 ಗ್ರಾಂ) ಶೇಂಗಾ ಅಥವಾ 30 ಗ್ರಾಂ ಬೇಳೆ ಹೆಚ್ಚುಕಡಿಮೆ ಸಮ.

ವಿಟಮಿನ್ ಬಿ-12 ಮಾತ್ರ ಸಸ್ಯಾಹಾರದಲ್ಲಿ ಸಹಜವಾಗಿ ಸಾಕಷ್ಟು ದೊರೆಯುವುದಿಲ್ಲ. ಮೊಟ್ಟೆ, ಮೀನು ತಿನ್ನುವವರು ಅವುಗಳಿಂದ ಪಡೆಯಬಹುದು. ಹಾಲನ್ನೂ ಮೊಟ್ಟೆಯನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಪೂರಕ ಮಾತ್ರೆ ತೆಗೆದುಕೊಳ್ಳುವುದು ಅವಶ್ಯ.

ಎಲ್ಲಿ ಕೊಳ್ಳಬೇಕು?

1. ಕಿರಾಣಿ ಅಂಗಡಿ ಮತ್ತು ವಾರದ ಸಂತೆ: ಎಳ್ಳು, ಅಗಸೆ, ಗುರೆಳ್ಳು, ಶೇಂಗಾ, ಹುರುಳಿ, ರಾಗಿ ಸಾಮಾನ್ಯವಾಗಿ ಇಲ್ಲಿ ಬಿಡಿಯಾಗಿ ದೊರೆಯುತ್ತವೆ. ‘ಆರೋಗ್ಯ ಆಹಾರ’ವೆಂಬ ಹೆಸರಿನ ಸಣ್ಣ ಪೊಟ್ಟಣಕ್ಕಿಂತ ಬಿಡಿ ಕಾಳನ್ನು ಕೊಂಡು ಮನೆಯಲ್ಲಿಯೇ ಹುರಿದು ಪುಡಿ ಮಾಡುವುದು ಅಗ್ಗ. ಅಗಸೆಯನ್ನು ಹುರಿದೇ ಬಳಸಬೇಕು.

2. ಎಣ್ಣೆ ಗಾಣ: ಕುಸುಬಿ ಕಿರಾಣಿಯಲ್ಲಿ ಸಿಗದಿದ್ದರೆ ಗಾಣದವರಲ್ಲಿ ವಿಚಾರಿಸಿರಿ.

3. ಮಹಿಳಾ ಸ್ವಸಹಾಯ ಸಂಘಗಳು: ರೊಟ್ಟಿ, ಚಟ್ನಿಪುಡಿ, ಶೇಂಗಾ ಉಂಡಿ, ಎಳ್ಳುಂಡಿ ತಯಾರಿಸುವ ಸಂಘಗಳಿಗೆ ತುಪ್ಪವಿಲ್ಲದೆ ಮಾಡಿಕೊಡಲು ಮುಂಚಿತವಾಗಿ ಹೇಳಿಡಬಹುದು. ಮನೆಮಗ್ಗದಲ್ಲಿ ದಿನವಿಡೀ ದುಡಿಯುವ ಇಳಕಲ್‌ನ ನೇಕಾರ ಕುಟುಂಬಗಳಿಗೆ ಇದು ಅನುಕೂಲ. ಅಲರ್ಜಿ ಇರುವವರಿಗಾದರೆ ಪಾತ್ರೆ, ಸೌಟು, ಬಾಣಲೆ ಬೇರೆ ಇರಬೇಕೆಂದು ತಿಳಿಸಿರಿ.

4. ಸಹಕಾರ ಸಂಘ ಮತ್ತು ರೈತ ಉತ್ಪಾದಕ ಸಂಸ್ಥೆ: ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಕೂಡಿ ಕೊಳ್ಳುವುದು ಇಲ್ಲಿನವರಿಗೆ ಹೊಸದಲ್ಲ. 10ರಿಂದ 15 ಕುಟುಂಬಗಳು ಸೇರಿ ವರ್ಷದ ಅಗತ್ಯದ ಒಂದೇ ಪಟ್ಟಿ ಮಾಡಿ, ಸಂಘದ ಕಾರ್ಯದರ್ಶಿಗಳ ಮೂಲಕ ಬೆಳೆಗಾರರಿಂದ ನೇರವಾಗಿ ಖರೀದಿಸಿದರೆ ನಡುವಿನ ಖರ್ಚು ಉಳಿಯುತ್ತದೆ. ಸುಗ್ಗಿಯ ಸಮಯದಲ್ಲಿ ದರ ಸಾಮಾನ್ಯವಾಗಿ ಕಡಿಮೆ. ಎಳ್ಳನ್ನು ಸೆಪ್ಟೆಂಬರ್-ಅಕ್ಟೋಬರ್, ಗುರೆಳ್ಳು ಮತ್ತು ಮುಂಗಾರಿ ಶೇಂಗಾವನ್ನು ಅಕ್ಟೋಬರ್-ನವೆಂಬರ್, ಕುಸುಬಿಯನ್ನು ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಕೊಳ್ಳಿರಿ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ ಕಾಳಾಗಿಯೇ ಸಂಗ್ರಹಿಸಿರಿ. ಪುಡಿ ಮಾಡಿದ ಎಣ್ಣೆಕಾಳು ಹಾಗೂ ಸಜ್ಜೆ ಹಿಟ್ಟು ಬೇಗ ಕಮಟುತ್ತವೆ.

ಅತಿ ಮುಖ್ಯ ಎಚ್ಚರಿಕೆ: ಬಿತ್ತನೆಗೆಂದು ಔಷಧ ಲೇಪಿಸಿದ ಬೀಜವನ್ನು ಯಾವ ಕಾರಣಕ್ಕೂ ತಿನ್ನಲು ಬಳಸಬಾರದು. ತೊಳೆದರೂ ಅದು ಸುರಕ್ಷಿತವಾಗುವುದಿಲ್ಲ.

ಹೊಲದಲ್ಲಿಯೇ ಬೆಳೆದುಕೊಳ್ಳಿರಿ

ವಾರಕ್ಕೆ ಎರಡು ಬಾರಿ 100 ಗ್ರಾಂನಂತೆ ಬಳಸುವ ಮನೆಗೆ ವರ್ಷಕ್ಕೆ ಸುಮಾರು 10 ಕಿಲೋ ಕುಸುಬಿ ಸಾಕು. ಮಳೆಯಾಶ್ರಯದಲ್ಲಿ ಎಕರೆಗೆ ಕೇವಲ 2 ಕ್ವಿಂಟಲ್ ಇಳುವರಿ ಬಂದರೂ ಇದಕ್ಕೆ ಬೇಕಾಗುವುದು 2 ಗುಂಟೆ ಮಾತ್ರ. ಹಿಂಗಾರಿ ಜೋಳ ಅಥವಾ ಕಡಲೆಯ ಹೊಲದ ಅಂಚಿಗೆ ಕೆಲವು ಸಾಲು ಕುಸುಬಿ ಹಾಕಿದರೆ ಅದರ ಮುಳ್ಳು ದನಗಳನ್ನೂ ತಡೆಯುತ್ತದೆ. ಮುಂಗಾರಿನಲ್ಲಿ ಅಕ್ಕಡಿ ಸಾಲುಗಳಾಗಿ ಎಳ್ಳು, ಗುರೆಳ್ಳು ಬೆಳೆಯಬಹುದು. ಬದುವಿನಲ್ಲಿ ಒಂದೆರಡು ನುಗ್ಗೆ ಗಿಡಗಳಿರಲಿ. ಈ ಬೆಳೆಗಳನ್ನು ನಮ್ಮ ರೈತರು ಹಿಂದಿನಿಂದ ಬಲ್ಲರು. ಏಕಬೆಳೆಯ ಒತ್ತಡದಲ್ಲಿ ಬಿಟ್ಟುಹೋದ ಸಾಲುಗಳನ್ನು ಮರಳಿ ತರುವುದಷ್ಟೇ ಇಲ್ಲಿಯ ಸಲಹೆ.

ವಿಸ್ತರಣಾ ಕಾರ್ಯಕರ್ತರಿಗೆ

- ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಹಾಲು ನೀಡಲಾಗುತ್ತಿದೆ. ಹಾಲು ಒಗ್ಗದ ಮಗುವಿದ್ದರೆ ವೈದ್ಯರ ಚೀಟಿಯೊಂದಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಲು ಪಾಲಕರಿಗೆ ನೆರವಾಗಿರಿ. ಆ ಮಗುವಿಗೆ ಮನೆಯಿಂದ ಎಳ್ಳುಂಡಿ ಅಥವಾ ರಾಗಿ ಉಂಡಿ ಕಳುಹಿಸಬಹುದು. ನಾಲ್ಕು ಮಕ್ಕಳ ಎದುರು ಅದು ಬೇರೆಯಾಗಿ ಕಾಣದಂತೆ ನೋಡಿಕೊಳ್ಳಬೇಕು.
- ಹಾಲು ಒಗ್ಗುವವರಿಗೆ ಹಾಲು ಬಿಡುವ ಸಲಹೆ ನೀಡಬೇಡಿರಿ.
- ಮಗುವಿನ ತೂಕ ಏರದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಿರಿ. ಉಸಿರು ಕಟ್ಟಿದರೆ ಅದು ತುರ್ತು ಸ್ಥಿತಿ. ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಬೀಜ, ತಳಿ ಹಾಗೂ ಸಂಸ್ಕರಣೆಯ ಕುರಿತು ಹೆಚ್ಚಿನ ಮಾಹಿತಿಗಾಗಿ ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.