ಚಿಂತೆ ಮತ್ತು ಚಿಕಿತ್ಸೆ: ಒಂದು ಐತಿಹಾಸಿಕ ಅವಲೋಕನ

ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಬಿಂದು ಮಾತ್ರವೆಂದು ಹಿರಿಯರು ಹೇಳುವುದುಂಟು. ಚಿಂತೆಯು ಮನುಷ್ಯನನ್ನು ಸುಡಬಲ್ಲದೆಂಬ ಅರಿವು ಪುರಾತನವಾದುದು. ಆದರೆ ಕಾರಣದ ಅಳತೆಯನ್ನು ಮೀರಿ ತಿಂಗಳುಗಟ್ಟಲೆ ಬೆಂಬಿಡದೆ ಕಾಡುವ ಚಿಂತೆಯು ಸ್ವಭಾವದ ದೋಷವಲ್ಲ, ಚಿಕಿತ್ಸೆಗೆ ಮಣಿಯುವ ವ್ಯಾಧಿ ಎಂಬ ತಿಳಿವಳಿಕೆ ತೀರ ಈಚಿನದು. ಆ ತಿಳಿವಳಿಕೆ ರೂಪುಗೊಂಡ ಬಗೆಯನ್ನು ಅವಲೋಕಿಸಿದರೆ, ಈ ಬೇನೆಯು ಇಂದಿಗೂ ಅನೇಕ ಮನೆಗಳಲ್ಲಿ ಗುರುತು ಸಿಗದೆ ಉಳಿಯುವುದೇಕೆಂಬುದು ಸ್ಪಷ್ಟವಾಗುತ್ತದೆ.

ಆತಂಕವು ವೈದ್ಯರ ಕಣ್ಣಿಗೆ ಬಹುಕಾಲ ಕಂಡದ್ದು ದೇಹರೋಗದ ವೇಷದಲ್ಲಿ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಎದೆನೋವು, ಏದುಸಿರುಗಳನ್ನು ಕಂಡ ಜೇಕಬ್ ಡಕೋಸ್ಟ ಎಂಬ ವೈದ್ಯರು 1871ರಲ್ಲಿ ಅದನ್ನು ಹೃದಯದ ಕೆರಳುವಿಕೆಯೆಂದು ವರ್ಣಿಸಿದರು. ಅದಕ್ಕೂ ಮೊದಲೇ, 1869ರಲ್ಲಿ, ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್ ಅವರು ದಣಿವು, ನಿದ್ರಾಹೀನತೆ, ತಲೆನೋವು, ಕಳವಳಗಳನ್ನೆಲ್ಲ ಒಟ್ಟುಗೂಡಿಸಿ ‘ನ್ಯೂರಸ್ತೀನಿಯಾ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದಿದ್ದರು. ನರಗಳ ಶಕ್ತಿ ಬತ್ತಿಹೋಗುವುದೇ ಇದಕ್ಕೆ ಕಾರಣವೆಂದು ಅವರು ಭಾವಿಸಿದ್ದರು. ನಮ್ಮಲ್ಲಿ ‘ನರದೌರ್ಬಲ್ಯ’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಮನಸ್ಸಿನ ಅಳಲನ್ನು ನರಗಳ ಮೇಲೆ ಹೊರಿಸುವ ಆ ಹಳೆಯ ರೂಢಿ ಇನ್ನೂ ಅಳಿದಿಲ್ಲ.

1895ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಅವರು ಈ ಗೊಂದಲದಿಂದ ಆತಂಕವನ್ನು ಬೇರ್ಪಡಿಸಿ ಪ್ರತ್ಯೇಕ ಬೇನೆಯೆಂದು ಪ್ರತಿಪಾದಿಸಿದರು. ಶೀತವಾದ ಪತಿ ಕೆಮ್ಮಿದಾಗಲೆಲ್ಲ ನ್ಯುಮೋನಿಯಾ ಬಂದಿತೆಂದು ಎಣಿಸಿ, ಮನಸ್ಸಿನಲ್ಲೇ ಅವನ ಶವಯಾತ್ರೆಯನ್ನು ಕಾಣುವ ಪತ್ನಿಯ ಉದಾಹರಣೆಯನ್ನು ಅವರು ಕೊಟ್ಟರು. ಅವರು ಅಂದು ಹೇಳಿದ ಕಾರಣಗಳನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲವಾದರೂ, ಕೆಡುಕನ್ನೇ ನಿರೀಕ್ಷಿಸುವ ಮನಸ್ಸಿನ ಆ ಚಿತ್ರ ಮಾತ್ರ ಇಂದಿಗೂ ಯಥಾರ್ಥವಾಗಿದೆ.

ಚಿಕಿತ್ಸೆಯ ಹಾದಿಯಲ್ಲಿ ಮೊದಲು ಬಂದದ್ದು ಮಾತ್ರೆಗಳ ಭರಾಟೆ. 1955ರಲ್ಲಿ ಮಿಲ್ಟೌನ್, 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಅಮೆರಿಕದ ಪೇಟೆಗೆ ಬಂದವು. ಅವು ಬೇಗನೆ ಶಮನ ನೀಡುತ್ತಿದ್ದವು. ಆದರೆ ದೀರ್ಘಕಾಲ ಸೇವಿಸಿದವರು ಅವುಗಳಿಗೇ ಅಧೀನರಾಗುವುದು ಕ್ರಮೇಣ ಬೆಳಕಿಗೆ ಬಂತು. ಈ ವರ್ಗದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗುವುದೂ, ತೆಗೆದುಕೊಳ್ಳುತ್ತಿದ್ದವರು ಹಠಾತ್ತನೆ ನಿಲ್ಲಿಸುವುದೂ ಅಪಾಯಕರವೆಂಬುದು ಆ ಕಾಲ ಕಲಿಸಿದ ಪಾಠ.

1960ರ ದಶಕದಲ್ಲಿ ಡೊನಾಲ್ಡ್ ಕ್ಲೈನ್ ಅವರು ಇಮಿಪ್ರಮಿನ್ ಎಂಬ ಔಷಧವು ಹಠಾತ್ತನೆ ಎರಗುವ ತೀವ್ರ ಗಾಬರಿಯನ್ನು ತಡೆದರೂ, ಮುಂದೇನಾಗುವುದೋ ಎಂಬ ಕಳವಳವನ್ನು ಹಾಗೆಯೇ ಉಳಿಸುವುದನ್ನು ಗಮನಿಸಿದರು. ಹೀಗೆ ಆತಂಕವೆಲ್ಲವೂ ಒಂದೇ ಅಲ್ಲವೆಂಬ ವಿಚಾರ ಬಲಗೊಂಡಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಹಳೆಯ ಆತಂಕರೋಗವನ್ನು ಒಡೆದು, ಗಾಬರಿಯ ಬೇನೆಯನ್ನೂ ವ್ಯಾಪಕ ಆತಂಕದ ಬೇನೆಯನ್ನೂ ಬೇರೆಬೇರೆಯಾಗಿ ಹೆಸರಿಸಿತು. ಇದನ್ನೇ ವೈದ್ಯರು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಎನ್ನುವುದು. ಅಂದು ಲಕ್ಷಣಗಳು ಒಂದು ತಿಂಗಳು ಇದ್ದರೆ ಸಾಕೆಂದಿತ್ತು. 1987ರಲ್ಲಿ ಅದು ಆರು ತಿಂಗಳಾಯಿತು. ಬಯಸಿದರೂ ಹತೋಟಿಗೆ ಬಾರದ ಚಿಂತೆ ಎಂಬುದು 1994ರಲ್ಲಿ ಮುಖ್ಯ ಗುರುತಾಗಿ ಸೇರಿತು.

ಆ ಗುರುತುಗಳು ಸರಳವಾಗಿವೆ. ಮನೆ, ಮಕ್ಕಳು, ವ್ಯಾಪಾರ, ಆರೋಗ್ಯ ಹೀಗೆ ಒಂದರಿಂದ ಇನ್ನೊಂದಕ್ಕೆ ಹರಿಯುವ ಚಿಂತೆ, ಅದರೊಡನೆ ಚಡಪಡಿಕೆ, ಬೇಗ ದಣಿಯುವುದು, ಏಕಾಗ್ರತೆಯ ಅಭಾವ, ಸಿಡುಕು, ಸ್ನಾಯುಗಳ ಬಿಗಿತ, ನಿದ್ರೆಯ ಕೇಡು. ಇವುಗಳಲ್ಲಿ ಹಲವು ಕೂಡಿ ಬಂದು ನಿತ್ಯಜೀವನವನ್ನು ಕೆಡಿಸುತ್ತಿದ್ದರೆ ವೈದ್ಯರನ್ನು ಕಾಣುವುದು ಉಚಿತ. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯೂ ಇಂಥದೇ ಲಕ್ಷಣಗಳನ್ನು ತೋರುವುದರಿಂದ ದೇಹಪರೀಕ್ಷೆಯೂ ಅಗತ್ಯ. ಚಿಂತೆಯ ಜಾಡನ್ನು ಹಿಡಿದು ತಿದ್ದುವ ಮಾತಿನ ಚಿಕಿತ್ಸೆಯೂ, ಕೆಲವು ವಾರಗಳಲ್ಲಿ ಫಲ ತೋರುವ ಔಷಧಗಳೂ ಇಂದು ಲಭ್ಯವಿವೆ.

ಈ ಇತಿಹಾಸದಲ್ಲಿ ಕರ್ನಾಟಕಕ್ಕೂ ಸ್ಥಾನವಿದೆ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಿದ್ದ ಕಡೆ 1954ರಲ್ಲಿ ಶಿಕ್ಷಣ ಸಂಸ್ಥೆಯೊಂದು ಸ್ಥಾಪಿತವಾಯಿತು. 1974ರಲ್ಲಿ ಅವೆರಡೂ ಸೇರಿ ನಿಮ್ಹಾನ್ಸ್ ಆಯಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಗಳ ಆರೈಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಒಯ್ಯಬಹುದೆಂಬುದನ್ನು ಆ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಹಾಗಿದ್ದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಆಯಾ ಬೇನೆಗೆ ಅನುಗುಣವಾಗಿ, ಶೇಕಡಾ 70ರಿಂದ 92ರಷ್ಟು ಮನೋರೋಗಿಗಳು ಚಿಕಿತ್ಸೆಯಿಂದ ವಂಚಿತರಾಗಿರುವುದು ಕಂಡುಬಂತು. ಇದಕ್ಕೆ ವೈದ್ಯರ ಕೊರತೆಯಷ್ಟೇ ಲೋಕಾಪವಾದದ ಭೀತಿಯೂ ಕಾರಣ. ಹುಚ್ಚಾಸ್ಪತ್ರೆಯೆಂಬ ಹಳೆಯ ಮಾತಿಗೆ ಅಂಜಿ, ಮಗಳ ಮದುವೆಗೆ ಅಡ್ಡಿಯಾದೀತೆಂದು ಬೆದರಿ ಬೇನೆಯನ್ನು ಮುಚ್ಚಿಡುವ ಕುಟುಂಬಗಳು ಇಂದಿಗೂ ಉಂಟು. ಚಿಂತೆ ಮಾಡಬೇಡ, ಧೈರ್ಯದಿಂದಿರು ಎಂಬ ಉಪದೇಶ ಸದ್ಭಾವದ್ದೇ ಆಗಿರಬಹುದು. ಆದರೆ ಚಿಂತೆಯನ್ನು ಬಿಡಲಾಗದಿರುವುದೇ ಯಾರ ವ್ಯಾಧಿಯೋ ಅವರಿಗೆ ಆ ಮಾತು ಸಾಂತ್ವನವಾಗದೆ ಆರೋಪವಾಗಿ ಕೇಳಿಸುತ್ತದೆ. ನೊಂದವರ ಮಾತನ್ನು ತೂಕಮಾಡದೆ ಆಲಿಸುವುದು, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದು, ಚಿಕಿತ್ಸೆ ಮುಗಿಯುವವರೆಗೆ ತಾಳ್ಮೆಯಿಂದಿರುವುದು ಮನೆಯವರ ಕರ್ತವ್ಯ. ಶತಮಾನಕ್ಕೂ ಮಿಗಿಲಾದ ಶ್ರಮದಿಂದ ದೊರೆತ ಈ ತಿಳಿವಳಿಕೆ ಮನೆಯ ಹೊಸ್ತಿಲಲ್ಲೇ ನಿಲ್ಲಬಾರದು.